ಮಸೀದಿಯ ಫ್ಯಾನು, ವಾರ್ಡಿನ ಚರಂಡಿ

 

ಮಾನ್ಯ ಸಹೋದರರೇ, ಖುತ್ಬಾ ನಡೆಯುವಾಗ ಅತ್ತಿತ್ತ ನೋಡಬೇಡಿ ಎಂದು ನಾವೇ ಪ್ರತಿ ವಾರ ಹೇಳುತ್ತೇವೆ. ಅರಬಿ ಖುತ್ಬಾ ಇನ್ನೂ ಶುರುವಾಗಿಲ್ಲವಾದ್ದರಿಂದ ಒಮ್ಮೆ ತಲೆಯೆತ್ತಿ ಮೇಲೆ ನೋಡಿ. ಹನ್ನೆರಡು ಫ್ಯಾನುಗಳಿವೆ. ರೆಕ್ಕೆಗಳ ಮೇಲೆ ಕೆಂಪು ಬಣ್ಣದಲ್ಲಿ ಒಂದು ಹೆಸರಿದೆ. ಫ್ಯಾನು ತಿರುಗುವಾಗ ಆ ಹೆಸರು ಕಾಣುವುದಿಲ್ಲ, ಕರೆಂಟ್ ಹೋದಾಗ ಮಾತ್ರ ಕಾಣುತ್ತದೆ. ಈ ಫ್ಯಾನುಗಳು ನಮ್ಮ ಮಸೀದಿಗೆ ಬಂದದ್ದು ಕಳೆದ ಪುರಸಭೆ ಚುನಾವಣೆಗೆ ಮೂರು ವಾರ ಮುಂಚೆ. ಬೇಸಿಗೆಯ ಸೆಕೆ ಇತ್ತು, ಹಳೆಯ ಫ್ಯಾನುಗಳು ಕೆಟ್ಟಿದ್ದವು, ಕೊಟ್ಟವರು ಸಲಾಮ್ ಹೇಳಿ ವಿನಯದಿಂದಲೇ ಕೊಟ್ಟರು. ಕಮಿಟಿಯ ಹಿರಿಯರು ನಮ್ಮನ್ನೂ ಕೇಳಿದರು. ನಾವು ದುಆ ಮಾಡಿ, ಸ್ವೀಕರಿಸಿ ಎಂದೆವು. ಇಂದಿನ ಮಾತು ಆ ದುಆದ ಕುರಿತೇ.

ಕಳೆದ ಮಳೆಗಾಲದಲ್ಲಿ ಮಸೀದಿಯ ಹಿಂದಿನ ಚರಂಡಿ ತುಂಬಿ ಹೊಲಸು ನೀರು ವುಝೂ ಮಾಡುವ ಜಾಗಕ್ಕೆ ಬಂತು. ನಿಮಗೆಲ್ಲ ನೆನಪಿದೆ, ಎರಡು ವಾರ ಮನೆಯಿಂದಲೇ ವುಝೂ ಮಾಡಿಕೊಂಡು ಬಂದಿರಿ. ನಮಗೆ ಆದ ತೊಂದರೆ ಅಷ್ಟೇ. ಹಿಂದಿನ ಓಣಿಯವರಿಗೆ ಅದು ಮನೆಯೊಳಗಿನ ಕಥೆ. ಅಲ್ಲಿ ಮುಸ್ಲಿಮರ ಮನೆಗಳೂ ಇವೆ, ಬೇರೆಯವರ ಮನೆಗಳೂ ಇವೆ, ಚರಂಡಿಗೆ ಆ ಭೇದ ಗೊತ್ತಿಲ್ಲ. ಎರಡು ಮನೆಗಳಲ್ಲಿ ಮಕ್ಕಳಿಗೆ ಡೆಂಗ್ಯೂ ಬಂತು. ಒಂದು ಮಗುವಿಗೆ ಪ್ಲೇಟ್‌ಲೆಟ್ ಇಳಿದು ಆರು ದಿನ ಜಿಲ್ಲಾ ಕೇಂದ್ರದ ಆಸ್ಪತ್ರೆಯಲ್ಲಿಡಬೇಕಾಯಿತು. ತಾಯಿ ಕಿವಿಯೋಲೆ ಅಡವಿಟ್ಟರು.

ನಾವು ಕಮಿಟಿಯ ಇಬ್ಬರು ಹಿರಿಯರೊಂದಿಗೆ ವಾರ್ಡ್ ಸದಸ್ಯರ ಮನೆಗೆ ಹೋದೆವು. ಚಹಾ ಕೊಟ್ಟರು. ಮಾತನ್ನು ಪೂರ್ತಿ ಕೇಳಿಸಿಕೊಂಡರು. ಆಮೇಲೆ ನಗುತ್ತಲೇ ಅಂದರು: "ಹಜ್ರತ್, ನಿಮ್ಮ ಜಮಾಅತಿನ ಲೆಕ್ಕ ನಾನು ಎಲೆಕ್ಷನ್‌ಗೆ ಮೊದಲೇ ಚುಕ್ತಾ ಮಾಡಿದ್ದೀನಲ್ಲ? ಇನ್ನೂ ಬಾಕಿ ಏನಿದೆ?"

ನಮಗೆ ಉತ್ತರ ಹೊಳೆಯಲಿಲ್ಲ. ಇಪ್ಪತ್ತು ವರ್ಷ ಮಿಂಬರಿನ ಮೇಲೆ ನಿಂತು ಮಾತಾಡಿದವರು ಆ ಚಾವಡಿಯಲ್ಲಿ ಮೂಕರಾಗಿ ಕೂತೆವು. ಏಕೆಂದರೆ ಅವರು ಸುಳ್ಳು ಹೇಳಿರಲಿಲ್ಲ. ಅವರು ಒಂದು ವ್ಯಾಪಾರ ಮಾಡಿದ್ದರು, ಬೆಲೆ ಕೊಟ್ಟಿದ್ದರು, ಸರಕು ತೆಗೆದುಕೊಂಡಿದ್ದರು. ನಾವು ಅದನ್ನು ಸದಕಾ ಎಂದುಕೊಂಡಿದ್ದೆವು.

ಸಹೋದರರೇ, ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಬಂದಿರುವ ಒಂದು ಘಟನೆ ನಿಮಗೆ ಗೊತ್ತಿದೆ. ಪ್ರವಾದಿ(ಸ)ರು ಅಝ್ದ್ ಕಬೀಲೆಯ ಇಬ್ನುಲ್ ಲುತ್‌ಬಿಯ್ಯಾ ಎಂಬವರನ್ನು ಝಕಾತ್ ವಸೂಲಿಗೆ ಕಳುಹಿಸಿದರು. ಹಿಂದಿರುಗಿ ಬಂದ ಅವರು ಮಾಲನ್ನು ಎರಡು ಪಾಲು ಮಾಡಿ, ಇದು ನಿಮ್ಮದು, ಇದು ನನಗೆ ಉಡುಗೊರೆಯಾಗಿ ಬಂದದ್ದು ಎಂದರು. ಪ್ರವಾದಿ(ಸ)ರು ಮಿಂಬರ್ ಏರಿ, ಈತ ತನ್ನ ತಂದೆ ತಾಯಿಯ ಮನೆಯಲ್ಲಿ ಕೂತಿದ್ದರೆ ಆ ಉಡುಗೊರೆ ಅಲ್ಲಿಗೆ ಹುಡುಕಿಕೊಂಡು ಬರುತ್ತಿತ್ತೇ ಎಂದು ಎಲ್ಲರೆದುರು ಕೇಳಿದರು. ಹದೀಸಿನ ಪಾಠದಲ್ಲಿ ನಾವು ಇದನ್ನು ಅಧಿಕಾರಿಗಳಿಗೆ ಸಂಬಂಧಿಸಿದ ಮಾತೆಂದೇ ಓದಿದ್ದೆವು. ಈಗ ಅದೇ ಪ್ರಶ್ನೆಯನ್ನು ನಮ್ಮ ಮಸೀದಿಗೆ ಕೇಳಿ ನೋಡೋಣ. ಚುನಾವಣೆ ಇಲ್ಲದ ವರ್ಷಗಳಲ್ಲೂ ಇಲ್ಲಿ ಸೆಕೆ ಇತ್ತು. ಫ್ಯಾನುಗಳು ಕೆಟ್ಟೇ ಇದ್ದವು. ಆಗ ಯಾರು ಬಂದರು?

ಕೊಡುವವರ ಕಡೆಗೂ ಸ್ವಲ್ಪ ನೋಡಬೇಕು. ಬಡವನ ಓಟನ್ನು ಐನೂರು, ಸಾವಿರಕ್ಕೆ ಕೊಳ್ಳುವ ಅಭ್ಯರ್ಥಿಗೆ ಆ ಹಣ ಎಲ್ಲಿಂದ ಬರುತ್ತದೆ? ತನ್ನ ಗದ್ದೆ ಮಾರಿ ಚುನಾವಣೆಗೆ ನಿಲ್ಲುವವರು ಕೆಲವರಿದ್ದಾರೆ. ಉಳಿದವರಿಗೆ ದೇಣಿಗೆ ಬರುತ್ತದೆ. ಗುತ್ತಿಗೆದಾರರು ಕೊಡುತ್ತಾರೆ, ಲೇಔಟ್ ಮಾಡುವವರು ಕೊಡುತ್ತಾರೆ, ಪುರಸಭೆ ಮಳಿಗೆಯ ಬಾಡಿಗೆ ಮುಂದುವರಿಯಬೇಕಾದವರು ಕೊಡುತ್ತಾರೆ. ನಮ್ಮವರೂ ಇದ್ದಾರೆ. ಪರಿಚಯದ ವ್ಯಾಪಾರಿಯೊಬ್ಬರು ನಮ್ಮೆದುರೇ ಹೇಳಿದ್ದರು, ಮೂವರು ಅಭ್ಯರ್ಥಿಗಳಿಗೂ ಕೊಟ್ಟಿದ್ದೇನೆ, ಯಾರು ಗೆದ್ದರೂ ನಮ್ಮವರೇ ಎಂದು. ಅದನ್ನು ಜಾಣತನ ಎಂದುಕೊಂಡು ಹೇಳಿದರು. ಮೂವರಿಗೆ ಕೊಟ್ಟವನಿಗೆ ಮೂವರಲ್ಲಿ ಒಬ್ಬರ ಮೇಲೂ ವಿಶ್ವಾಸವಿಲ್ಲ ಎಂದಾಯಿತಲ್ಲ? ವಿಶ್ವಾಸವಿರುವುದು ಖುರ್ಚಿಯ ಮೇಲೆ. ಇನ್ನು ಸಂತೆಯಲ್ಲಿ ತಳ್ಳುಗಾಡಿ ಇಟ್ಟವರ ಪಾಡು ಬೇರೆ. ಅವರಿಂದ ಚುನಾವಣಾ ಚಂದಾ ಎಂದು ವಸೂಲಿ ಮಾಡುವಾಗ ಬೇಡ ಎನ್ನುವ ಧೈರ್ಯ ಅವರಿಗಿಲ್ಲ, ನಾಳೆ ಗಾಡಿ ಎತ್ತಿಸುತ್ತಾರೆಂಬ ಹೆದರಿಕೆ. ಅವರ ಮೇಲೆ ನಾವು ತಪ್ಪು ಹೊರಿಸುವುದಿಲ್ಲ.

ಸೂರಾ ಅಲ್‌ಬಕರಾದ 188ನೇ ವಚನದಲ್ಲಿ ಅಲ್ಲಾಹನು ಎರಡು ವಿಷಯಗಳನ್ನು ಒಟ್ಟಿಗೇ ನಿಷೇಧಿಸಿದ್ದಾನೆ. ಒಬ್ಬರ ಸೊತ್ತನ್ನು ಇನ್ನೊಬ್ಬರು ಅನ್ಯಾಯವಾಗಿ ತಿನ್ನುವುದು. ಜನರ ಸೊತ್ತಿನ ಒಂದು ಪಾಲನ್ನು ಗೊತ್ತಿದ್ದೂ ಕಬಳಿಸಲೆಂದು ಅಧಿಕಾರದಲ್ಲಿರುವವರ ಮುಂದೆ ಹಣ ಒಡ್ಡುವುದು. ಜನರ ಸೊತ್ತು ಎಂಬ ಮಾತನ್ನು ಗಮನಿಸಿ. ಚುನಾವಣೆಯಲ್ಲಿ ಹಾಕಿದ ಹಣ ಹಿಂದಿರುಗುವ ದಾರಿ ಯಾವುದೆಂದು ಪುರಸಭೆಯ ಮೆಟ್ಟಿಲು ಹತ್ತಿದವರಿಗೆಲ್ಲ ಗೊತ್ತು. ದೊಡ್ಡ ಕಾಮಗಾರಿಗೆ ಟೆಂಡರ್ ಕರೆಯಬೇಕು, 1999ರ ಪಾರದರ್ಶಕತೆ ಕಾಯ್ದೆ ಅದಕ್ಕಾಗಿಯೇ ಇದೆ. ಹಾಗಾಗಿ ಒಂದು ಚರಂಡಿಯನ್ನು ನಾಲ್ಕು ತುಂಡು ಮಾಡುತ್ತಾರೆ, ಒಂದೊಂದು ತುಂಡಿಗೂ ಟೆಂಡರ್ ಬೇಕಾಗದಷ್ಟು ಸಣ್ಣ ಅಂದಾಜು. ಅದಕ್ಕೆ ತುಂಡು ಗುತ್ತಿಗೆ ಎಂಬ ಹೆಸರೇ ಬಿದ್ದಿದೆ. ಪುರಸಭೆಯ ಗುತ್ತಿಗೆಯಲ್ಲಿ ಸದಸ್ಯನಿಗೆ ಪಾಲಿರಬಾರದೆಂದು 1964ರ ಕರ್ನಾಟಕ ಪುರಸಭೆಗಳ ಕಾಯ್ದೆ ಹೇಳುತ್ತದೆ. ಆದ್ದರಿಂದ ಲೈಸೆನ್ಸ್ ಭಾವಮೈದನ ಹೆಸರಿನಲ್ಲಿರುತ್ತದೆ. ಸಿಮೆಂಟು ಕಡಿಮೆ, ಮರಳು ಜಾಸ್ತಿ, ಬಿಲ್ಲು ಪೂರ್ತಿ. ಎರಡನೇ ಮಳೆಗೆ ಚರಂಡಿಯ ಗೋಡೆ ಒಳಗೆ ಕುಸಿಯುತ್ತದೆ. ನಮ್ಮ ಹಿಂದಿನ ಚರಂಡಿ ಕಟ್ಟಿಕೊಂಡದ್ದು ಕಸದಿಂದ ಮಾತ್ರವಲ್ಲ, ಕುಸಿದ ಗೋಡೆಯಿಂದ. ಆ ತಾಯಿಯ ಕಿವಿಯೋಲೆ ಎಲ್ಲಿ ಹೋಯಿತೆಂದು ಈಗ ಹುಡುಕಿ ನೋಡಿ. ಅದರ ಒಂದು ಚೂರು ಈ ರೆಕ್ಕೆಗಳಲ್ಲೂ ಇದೆ ಎಂದರೆ ನೀವು ಬೇಸರ ಮಾಡಿಕೊಳ್ಳಬೇಡಿ.

ಕಮಿಟಿಯಲ್ಲಿ ಈ ಮಾತು ಬಂದಾಗ ಹಿರಿಯರೊಬ್ಬರು, ದುಡ್ಡು ಯಾರದಾದರೇನು ಹಜ್ರತ್, ಅಲ್ಲಾಹನ ಮನೆಗೆ ಬಂತಲ್ಲ ಎಂದರು. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅಲ್ಲಾಹನು ಶುದ್ಧನು, ಶುದ್ಧವಾದದ್ದನ್ನಲ್ಲದೆ ಸ್ವೀಕರಿಸನು ಎಂದು ಪ್ರವಾದಿ(ಸ)ರು ತಿಳಿಸಿದ್ದಾರೆಂದು ಅವರಿಗೆ ನೆನಪಿಸಿದೆವು. ಅವರು ಸುಮ್ಮನಾದರು. ನಿಜ ಹೇಳಬೇಕೆಂದರೆ, ಮೂರು ವರ್ಷ ಮುಂಚೆ ನಾವೂ ಅವರಂತೆಯೇ ಯೋಚಿಸಿದ್ದೆವು.

ಇನ್ನು ಮನೆಯಲ್ಲಿ ಕೂತವರ ವಿಷಯ. ಓಟು ಮಾರುವವರನ್ನು ಬಯ್ಯುವುದು ಸುಲಭ. ಓಟು ಹಾಕದವರು ತಾವು ಶುದ್ಧರೆಂದು ತಿಳಿದಿದ್ದಾರೆ. ನಾವು ಯಾರಿಂದಲೂ ಒಂದು ರೂಪಾಯಿ ಮುಟ್ಟಲಿಲ್ಲ, ಆ ಕೊಳಕಿಗೇ ಹೋಗಲಿಲ್ಲ ಎನ್ನುತ್ತಾರೆ. ಎಮ್ಮೆಲ್ಲೆ ಎಲೆಕ್ಷನ್‌ಗೆ ದುಬೈನಿಂದ ಟಿಕೆಟ್ ಮಾಡಿಸಿಕೊಂಡು ಬಂದವರನ್ನು ನೋಡಿದ್ದೇವೆ. ಅದೇ ಮನೆಯವರು ಪುರಸಭೆಗೆ ಓಟು ಹಾಕಲು ಎರಡು ಬೀದಿ ದಾಟುವುದಿಲ್ಲ. ದಿಲ್ಲಿಯಲ್ಲಿ ಯಾರು ಬರುತ್ತಾರೆಂದು ರಾತ್ರಿಯಿಡೀ ಟಿ.ವಿ. ನೋಡುತ್ತಾರೆ, ತಮ್ಮ ವಾರ್ಡ್ ನಂಬರು ಕೇಳಿದರೆ ತಡವರಿಸುತ್ತಾರೆ.

ಒಂದು ಸಣ್ಣ ಲೆಕ್ಕ ಹಾಕೋಣ. ನಮ್ಮದು 23 ವಾರ್ಡುಗಳ ಪುರಸಭೆ. ಒಂದು ವಾರ್ಡಿನಲ್ಲಿ 1,200 ಮತದಾರರಿದ್ದಾರೆ ಎಂದುಕೊಳ್ಳಿ. 600 ಜನ ಮಾತ್ರ ಬಂದರು. ಅಭ್ಯರ್ಥಿಗಳು ನಾಲ್ವರು. 220 ಓಟು ಸಿಕ್ಕವನು ಗೆಲ್ಲುತ್ತಾನೆ. ಅದರಲ್ಲಿ ನೂರು ಅವನ ನೆಂಟರು, ಗೆಳೆಯರು, ಓಣಿಯವರು. ಅವನು ಕೊಳ್ಳಬೇಕಾದದ್ದು 120 ಓಟು. ತಲೆಗೆ ಸಾವಿರದಂತೆ 1,20,000 ರೂಪಾಯಿ. ಒಂದು ಹಳೆಯ ಕಾರಿನ ಬೆಲೆಗೆ ಐದು ವರ್ಷದ ವಾರ್ಡು. ಅದೇ ವಾರ್ಡಿನಲ್ಲಿ 1,000 ಜನ ಬಂದಿದ್ದರೆ ಗೆಲ್ಲಲು 370 ಬೇಕಾಗುತ್ತಿತ್ತು. ನೆಂಟರು ಅಷ್ಟೇ, ನೂರು. ಕೊಳ್ಳಬೇಕಾದದ್ದು 270. ಖರ್ಚು ಎರಡು ಪಟ್ಟಿಗೂ ಮೀರಿತು. ಅಷ್ಟೂ ಸುರಿದ ಮೇಲೂ ಗೆಲ್ಲುವ ಖಾತ್ರಿಯಿಲ್ಲ, ಏಕೆಂದರೆ ಹೊಸದಾಗಿ ಬಂದವರು ಯಾರಿಂದಲೂ ಪಡೆದವರಲ್ಲ. ಅಂದರೆ ಮನೆಯಲ್ಲಿ ಕೂತ 600 ಜನ ಆ ಕೊಳ್ಳುವವನಿಗೆ ದೊಡ್ಡ ರಿಯಾಯಿತಿ ಕೊಟ್ಟರು. ಮಾರಿದವನಿಗೆ ಸಾವಿರವಾದರೂ ಸಿಕ್ಕಿತು, ಐದು ವರ್ಷಕ್ಕೆ ಹಂಚಿದರೆ ದಿನಕ್ಕೆ 55 ಪೈಸೆ. ಕೂತವನು ಪುಕ್ಕಟೆ ಕೊಟ್ಟ.

ಓಟು ಏನೆಂಬುದರ ಬಗ್ಗೆ ನಮ್ಮ ಉಲಮಾಗಳು ಸುಮ್ಮನಿದ್ದವರಲ್ಲ. ಮುಫ್ತಿ ಮುಹಮ್ಮದ್ ಶಫೀಯವರು ಮತಕ್ಕೆ ಮೂರು ಸ್ಥಾನಗಳಿವೆ ಎಂದು ವಿವರಿಸಿದ್ದಾರೆ. ಅದು ಸಾಕ್ಷ್ಯ, ಶಿಫಾರಸು ಮತ್ತು ವಕಾಲತ್ತು. ಈತ ಪ್ರಾಮಾಣಿಕ, ಸಮರ್ಥ ಎಂದು ನೀವು ಸಾಕ್ಷಿ ಹೇಳುತ್ತಿದ್ದೀರಿ. ಹಣಕ್ಕೆ ಸಾಕ್ಷಿ ಹೇಳುವವನನ್ನು ಕೋರ್ಟಿನ ಹೊರಗೆ ಏನೆಂದು ಕರೆಯುತ್ತೇವೆ? ಇನ್ನು ಸಾಕ್ಷ್ಯ ಗೊತ್ತಿದ್ದೂ ಬಚ್ಚಿಟ್ಟವನ ಹೃದಯ ಪಾಪಿಯೆಂದು ಅದೇ ಅಲ್‌ಬಕರಾ ಸೂರಾದಲ್ಲಿದೆ. ಬುಖಾರಿಯಲ್ಲಿ ಇನ್ನೊಂದು ಹದೀಸಿದೆ. ಪುನರುತ್ಥಾನದ ದಿನ ಅಲ್ಲಾಹನು ಮಾತಾಡದ ಮೂವರಲ್ಲಿ ಒಬ್ಬನು, ನಾಯಕನಿಗೆ ಬೈಅತ್ ಮಾಡಿದ್ದು ಬರೀ ಲೋಕದ ಲಾಭಕ್ಕಾಗಿ. ಕೊಟ್ಟರೆ ಸಂತುಷ್ಟ, ಕೊಡದಿದ್ದರೆ ಮುನಿಸು. ಬೈಅತ್ ಬೇರೆ, ವಾರ್ಡ್ ಓಟು ಬೇರೆ ಎಂದು ಯಾರಾದರೂ ವಾದಿಸಬಹುದು, ಸರಿ. ಆದರೆ ಆ ಮನುಷ್ಯನ ಮುಖ ನಮಗೆ ಅಪರಿಚಿತವೇನಲ್ಲ.

ಯಾರಿಗೆ ಹಾಕಬೇಕೆಂದು ನಾವು ಹೇಳುವುದಿಲ್ಲ, ಈ ಮಿಂಬರ್ ಅದಕ್ಕಲ್ಲ. ನಮ್ಮವನು ಎಂಬ ಒಂದೇ ಕಾರಣಕ್ಕೆ ಹಾಕಿದ ಓಟೂ ಸುಳ್ಳು ಸಾಕ್ಷಿಯಾಗಬಹುದು ಎಂಬುದನ್ನಷ್ಟೇ ಹೇಳುತ್ತೇವೆ. ಮೂಸಾ(ಅ)ರನ್ನು ಕೆಲಸಕ್ಕೆ ಇಟ್ಟುಕೊಳ್ಳಿ ಎಂದು ತಂದೆಗೆ ಹೇಳಿದ ಆ ಹುಡುಗಿ ಅವರ ಕುಲ ಕೇಳಲಿಲ್ಲ. ಶಕ್ತಿವಂತ, ವಿಶ್ವಾಸಾರ್ಹ ಎಂಬ ಎರಡು ಗುಣಗಳನ್ನು ಹೇಳಿದಳು.

ಇಲ್ಲಿ ಒಂದು ಪ್ರಶ್ನೆ ನಮಗೆ ಮತ್ತೆ ಮತ್ತೆ ಬರುತ್ತದೆ. ಹಜ್ರತ್, ಖಾತೆ ಬದಲಾವಣೆಗೆ ಎಂಟು ತಿಂಗಳಿನಿಂದ ಅಲೆಯುತ್ತಿದ್ದೇನೆ, ಸದಸ್ಯರ ಮಾತಿಲ್ಲದೆ ಕಡತ ಮುಂದೆ ಹೋಗುವುದಿಲ್ಲ, ಅವರ ಚುನಾವಣೆಗೆ ಏನಾದರೂ ಕೊಡದೆ ಅವರ ಮಾತು ಸಿಗುವುದಿಲ್ಲ, ಏನು ಮಾಡಲಿ? ಲಂಚ ಕೊಡುವವನನ್ನೂ ಪಡೆಯುವವನನ್ನೂ ಪ್ರವಾದಿ(ಸ)ರು ಶಪಿಸಿದ್ದಾರೆ. ಮುಸ್ನದ್ ಅಹ್ಮದಿನ ಒಂದು ವರದಿಯಲ್ಲಿ ನಡುವೆ ಓಡಾಡುವವನೂ ಸೇರಿದ್ದಾನೆ. ತನ್ನದೇ ನ್ಯಾಯವಾದ ಹಕ್ಕನ್ನು ಪಡೆಯಲು ಬೇರೆ ಯಾವ ದಾರಿಯೂ ಉಳಿಯದಾಗ ಕೊಡುವವನಿಗೆ ಉಲಮಾಗಳು ರಿಯಾಯಿತಿ ಕೊಟ್ಟಿದ್ದಾರೆ, ಪಾಪ ಪಡೆದವನದ್ದು ಎಂದಿದ್ದಾರೆ. ಆದರೆ ಬೇರೆ ದಾರಿಯೇ ಇಲ್ಲದಾಗ ಎಂಬ ಷರತ್ತನ್ನು ನಾವು ನುಂಗಿಬಿಟ್ಟಿದ್ದೇವೆ. ದಾರಿ ಇದೆ. 2011ರ ಸಕಾಲ ಕಾಯ್ದೆಯಡಿ ಇಂಥ ಸೇವೆಗಳಿಗೆ ಇಷ್ಟೇ ದಿನ ಎಂದು ಗಡುವಿದೆ. ಅರ್ಜಿ ಕೊಟ್ಟಾಗ ಸಕಾಲ ಸಂಖ್ಯೆ ಇರುವ ಸ್ವೀಕೃತಿ ಪತ್ರ ಕೇಳಿ ಪಡೆಯಬೇಕು. ಗಡುವು ಮೀರಿದರೆ ಮೇಲ್ಮನವಿ ಹಾಕಬಹುದು, ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರವೂ ಇದೆ. ಮೊತ್ತ ದೊಡ್ಡದಲ್ಲ, ಆದರೆ ತಡ ಮಾಡಿದ ನೌಕರನ ಹೆಸರು ದಾಖಲೆಗೆ ಬರುತ್ತದೆ, ಅವರು ಹೆದರುವುದು ಅದಕ್ಕೆ. ನಮ್ಮ ಜಮಾಅತಿನ ಇಬ್ಬರು ಹೀಗೆ ಮಾಡಿ ಯಾರಿಗೂ ಕೈಮುಗಿಯದೆ ಖಾತೆ ಪಡೆದರು. ಮೂರನೆಯವರಿಗೆ ಇನ್ನೂ ಸಿಕ್ಕಿಲ್ಲ, ಅದನ್ನೂ ಹೇಳಬೇಕು.

ಕಾನೂನಿನಲ್ಲೂ ಇದು ಗುಟ್ಟಿನ ವಿಷಯವಲ್ಲ. ಭಾರತೀಯ ನ್ಯಾಯ ಸಂಹಿತೆಯ 170 ಮತ್ತು 173ನೇ ಕಲಮುಗಳ ಪ್ರಕಾರ ಓಟಿಗಾಗಿ ಕೊಡುವುದೂ ಅಪರಾಧ, ಪಡೆಯುವುದೂ ಅಪರಾಧ, ಒಂದು ವರ್ಷದವರೆಗೆ ಸೆರೆ ಅಥವಾ ದಂಡ. 2020ರ ಡಿಸೆಂಬರಿನಲ್ಲಿ ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯತ್ ಚುನಾವಣೆ ನಡೆದಾಗ ಕೆಲವು ಹಳ್ಳಿಗಳಲ್ಲಿ ಸದಸ್ಯ ಸ್ಥಾನವನ್ನೇ ಹರಾಜು ಹಾಕಿದ ಸುದ್ದಿಗಳನ್ನು ಓದಿದೆವು. ಹೆಚ್ಚು ಕೂಗಿದವನು ಅವಿರೋಧ ಆಯ್ಕೆ, ಹಣ ಊರ ದೇವಸ್ಥಾನಕ್ಕೆ ಅಥವಾ ಊರ ಕೆಲಸಕ್ಕೆ. ರಾಜ್ಯ ಚುನಾವಣಾ ಆಯೋಗ ಎಚ್ಚರಿಕೆ ಕೊಡಬೇಕಾಯಿತು. ಆಗ ನಾವು, ಇದೆಂಥ ಜನ ಎಂದು ಆಶ್ಚರ್ಯಪಟ್ಟಿದ್ದೆವು. ಅವರು ದೇವರ ಮನೆಗೆ ಪಡೆದರು, ನಾವು ಅಲ್ಲಾಹನ ಮನೆಗೆ ಪಡೆದೆವು. ಅವರು ಬಹಿರಂಗವಾಗಿ ಕೂಗಿದರು, ನಾವು ದುಆ ಮಾಡಿದೆವು.

ಬಿ.ಎ.ಯಲ್ಲಿ ರಾಜ್ಯಶಾಸ್ತ್ರ ಓದುವಾಗ ಸಂವಿಧಾನದ 74ನೇ ತಿದ್ದುಪಡಿ, 1993ರ ಜೂನ್ 1ರಿಂದ ಜಾರಿ, ಹನ್ನೆರಡನೇ ಅನುಸೂಚಿ, 18 ವಿಷಯಗಳು ಎಂದು ಬಾಯಿಪಾಠ ಮಾಡಿ ಅಂಕ ತೆಗೆದಿದ್ದೆವು. ಆ 18ರಲ್ಲಿ ನೀರು ಸರಬರಾಜು, ನೈರ್ಮಲ್ಯ, ರಸ್ತೆ, ಸ್ಮಶಾನ ಎಲ್ಲವೂ ಇವೆ. ಅಂದರೆ ಹುಟ್ಟಿದ ಮಗುವಿನ ಪ್ರಮಾಣಪತ್ರದಿಂದ ಖಬರಸ್ತಾನದವರೆಗೆ. ಐದು ವರ್ಷ ಮುಗಿಯುವ ಮೊದಲೇ ಚುನಾವಣೆ ಆಗಬೇಕೆಂದೂ ಅಲ್ಲೇ ಇದೆ. ಬೆಂಗಳೂರಿನ ಕಥೆ ನೋಡಿ. ಪಾಲಿಕೆಗೆ 2015ರ ಆಗಸ್ಟಿನಲ್ಲಿ ಚುನಾವಣೆ ನಡೆದಾಗ ಮತದಾರರಲ್ಲಿ ಅರ್ಧದಷ್ಟು ಜನರೂ ಬರಲಿಲ್ಲ. 2020ರ ಸೆಪ್ಟೆಂಬರಿನಲ್ಲಿ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಅಲ್ಲಿ ಒಬ್ಬ ಕಾರ್ಪೊರೇಟರೂ ಇರಲಿಲ್ಲ. ನಮ್ಮ ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೂ ಹಾಗೆಯೇ ಆಯಿತು. ಬೀದಿಗಿಳಿದು ಕೇಳಿದವರು ಎಷ್ಟು ಜನ? ಓಟು ಹಾಕಲು ಬಾರದವರು, ಓಟೇ ಇಲ್ಲವಾದಾಗ ಏನನ್ನು ಕಳೆದುಕೊಂಡೆವೆಂದು ಹೇಗೆ ಅರಿತಾರು?

ಖೈಬರಿನ ಖರ್ಜೂರದ ತೋಟಗಳ ಫಸಲನ್ನು ಅಂದಾಜು ಮಾಡಲು ಪ್ರವಾದಿ(ಸ)ರು ಅಬ್ದುಲ್ಲಾ ಬಿನ್ ರವಾಹಾ(ರ)ರನ್ನು ಕಳುಹಿಸುತ್ತಿದ್ದರು. ತೋಟದವರು ತಮ್ಮ ಮನೆಯ ಹೆಂಗಸರ ಒಡವೆಗಳನ್ನು ಒಟ್ಟುಮಾಡಿ, ನಮ್ಮ ಪಾಲಿನ ಲೆಕ್ಕ ಸ್ವಲ್ಪ ಸಡಿಲಿಸಿ ಎಂದು ಅವರ ಮುಂದಿಟ್ಟರು. ಅವರು ಅದು ಹರಾಮ್ ಎಂದು ಹೇಳಿ ಮುಟ್ಟಲಿಲ್ಲ. ಆದರೆ ಲೆಕ್ಕದಲ್ಲಿ ಆ ತೋಟದವರಿಗೆ ಅನ್ಯಾಯವನ್ನೂ ಮಾಡಲಿಲ್ಲ. ಇಂಥ ನ್ಯಾಯದಿಂದಲೇ ಭೂಮಿ ಆಕಾಶ ನಿಂತಿವೆ ಎಂದು ಆ ತೋಟದವರೇ ಒಪ್ಪಿಕೊಂಡರೆಂದು ಇಮಾಮ್ ಮಾಲಿಕರ ಮುವತ್ತಾದಲ್ಲಿದೆ. ನಮ್ಮ ಊರಿನ ಯಾರಾದರೂ ನಮ್ಮ ಬಗ್ಗೆ ಹಾಗೆ ಹೇಳಿದ ದಿನ ಯಾವುದೆಂದು ನಾವು ಯೋಚಿಸಿ ನೋಡಿದೆವು.

ಕಳೆದ ಭಾನುವಾರ ಇಶಾ ನಮಾಝಿನ ನಂತರ ಕಮಿಟಿ ಸಭೆ ಸೇರಿತ್ತು. ಅಲ್ಲಿ ಆದ ತೀರ್ಮಾನಗಳನ್ನು ತಿಳಿಸುತ್ತೇವೆ. ಇನ್ನು ಮುಂದೆ ಯಾವುದೇ ಅಭ್ಯರ್ಥಿಯಿಂದ, ಹಾಲಿ ಸದಸ್ಯರಿಂದ, ಅವರ ಪರವಾಗಿ ಬಂದವರಿಂದ ಮಸೀದಿ, ಮದ್ರಸಾ, ಖಬರಸ್ತಾನಕ್ಕೆ ಹಣ ಅಥವಾ ವಸ್ತು ಪಡೆಯುವುದಿಲ್ಲ. ಅವರೂ ಈ ಜಮಾಅತಿನವರಾದರೆ ಎಲ್ಲರಂತೆ ತಿಂಗಳ ಚಂದಾ ಕೊಡಲಿ, ಸಾಕು. ಚುನಾವಣೆ ಘೋಷಣೆಯಾದ ಮೇಲೆ ಯಾವ ಪಕ್ಷದವರಿಗೂ ಮಸೀದಿ ಅಂಗಳದಲ್ಲಿ ಮಾತಾಡಲು ಅವಕಾಶವಿಲ್ಲ.

ಪುರಸಭೆ ಕಚೇರಿಯಿಂದ ಕಳೆದ ಮೂರು ವರ್ಷಗಳಲ್ಲಿ ನಮ್ಮ ವಾರ್ಡಿನ ಚರಂಡಿಗೆ ಪಾವತಿಯಾದ ಬಿಲ್ಲುಗಳ ನಕಲು ಕೇಳಿ ಮಾಹಿತಿ ಹಕ್ಕು ಅರ್ಜಿ ಹಾಕಲಾಗಿದೆ. 30 ದಿನದೊಳಗೆ ಉತ್ತರ ಬರಬೇಕು. ಅರ್ಜಿಗೆ ಸಹಿ ಹಾಕಿದ ನಾಲ್ವರಲ್ಲಿ ಇಬ್ಬರು ಹಿಂದಿನ ಓಣಿಯ ಹಿಂದೂ ಸಹೋದರರು. ಅವರ ಮನೆಯವರೇ ನಮ್ಮ ಮನೆಯವರಿಗೆ ಮೊದಲು ಹೇಳಿದ್ದು, ಹೀಗೆ ಕೇಳಬಹುದಂತೆ ಎಂದು.

ವುಝೂಖಾನೆಯ ಪಕ್ಕದ ಮೇಜಿನ ಮೇಲೆ ಮತದಾರರ ಪಟ್ಟಿಯ ಪ್ರತಿ ಇಟ್ಟಿದ್ದೇವೆ. ನಮಾಝ್ ಮುಗಿಸಿ ಹೋಗುವಾಗ ಮನೆಯವರೆಲ್ಲರ ಹೆಸರು ನೋಡಿ. ಹೆಣ್ಣುಮಕ್ಕಳ ಹೆಸರು, ಮದುವೆಯಾಗಿ ಬಂದ ಸೊಸೆಯಂದಿರ ಹೆಸರು ವಿಶೇಷವಾಗಿ ನೋಡಿ, ಬಿಟ್ಟುಹೋಗಿರುವುದು ಹೆಚ್ಚಾಗಿ ಅವೇ. ಹೆಸರು ಸೇರಿಸಲು ನಮೂನೆ 6, ತಿದ್ದುಪಡಿಗೆ ನಮೂನೆ 8. ತೀರಿಕೊಂಡ ಹಿರಿಯರ ಹೆಸರು ಇನ್ನೂ ಪಟ್ಟಿಯಲ್ಲಿದ್ದರೆ ಅದನ್ನೂ ತೆಗೆಸಿ, ಅವರ ಹೆಸರಿನಲ್ಲಿ ಬೇರೆ ಯಾರೋ ಸಾಕ್ಷಿ ಹೇಳುವುದು ಬೇಡ. ಫಾರ್ಮ್ ತುಂಬಲು ಕಾಲೇಜಿನ ಹುಡುಗರು ಅಸರ್‌ವರೆಗೆ ಕೂತಿರುತ್ತಾರೆ.

ಕೊನೆಗೆ ಫ್ಯಾನಿನ ವಿಷಯ. ಲಂಚವಾಗಿ ಬಂದದ್ದನ್ನು ಕೊಟ್ಟವರಿಗೇ ಹಿಂದಿರುಗಿಸಬೇಕೆಂಬುದು ಫಿಕ್ಹಿನ ಮಾತು. ಫ್ಯಾನು ಬಿಚ್ಚಿ ಕೊಟ್ಟರೆ ಮುದುಕರಿಗೆ, ಮದ್ರಸಾದ ಮಕ್ಕಳಿಗೆ ತೊಂದರೆ. ಆದ್ದರಿಂದ ಅವುಗಳ ಬೆಲೆ ಒಟ್ಟುಮಾಡಿ ಕೊಡುವುದೆಂದು ತೀರ್ಮಾನವಾಗಿದೆ. ಹನ್ನೆರಡು ಫ್ಯಾನಿಗೆ 26,400 ರೂಪಾಯಿ. ನಮ್ಮ ಒಂದು ತಿಂಗಳ ಸಂಬಳವೂ ಸೇರಿ ಇದುವರೆಗೆ 17,250 ಆಗಿದೆ. ಬಾಕಿ 9,150. ಬಾಗಿಲ ಬಳಿ ಹಸಿರು ಡಬ್ಬಿ ಇಟ್ಟಿದ್ದೇವೆ, ಹತ್ತು ರೂಪಾಯಿಯೂ ಸರಿ. ಹಣ ಪೂರ್ತಿಯಾದ ದಿನ ಕಮಿಟಿಯ ಅದೇ ಇಬ್ಬರು ಹಿರಿಯರೊಂದಿಗೆ ಸದಸ್ಯರ ಮನೆಗೆ ಹೋಗಿ, ರಸೀದಿ ಪಡೆದು, ಚರಂಡಿಯ ಅರ್ಜಿಯನ್ನು ಮತ್ತೆ ಅವರ ಕೈಗೆ ಕೊಡುತ್ತೇವೆ. ರೆಕ್ಕೆಯ ಮೇಲಿನ ಬಣ್ಣ ಕೆರೆಯಲು ಶನಿವಾರ ಬೆಳಿಗ್ಗೆ ಏಣಿ ಹಿಡಿಯಲು ಇಬ್ಬರು ಬೇಕಾಗಿದ್ದಾರೆ.